ಮಿಶಿನ್ ಓಡಿಸಿದ್ದು ಯಾಕಂದರ

ಮತ್ತ ಸೋತಿ? ಅಯ್ಯಯ್ಯ... ನಾ ಎಲ್ಲಿ ನಕ್ಕೆನೋ ಭೀಮಗೊಂಡಣ್ಣಾ! ಕೆಮ್ಮು ಬಂತು, ಕೆಮ್ಮು! ಕಾಂತಾ ವೈನೀ, ಒಂದ ತಂಬಿಗಿ ನೀರ ಕೊಡ್ರಿ. ನಿಮ್ಮ ಯಜಮಾನ್ರು ಕಂಪ್ಯೂಟರ್ ಮುಂದ ಚೆಸ್‌ನ್ಯಾಗ ಏಳನೇ ಸಲ ಸೋತರು!

ಹಂಗ್ಯಾಕ ಕಣ್ಣ ಕೆಕ್ಕರಸ್ತಿ? ನಾನಾಗಿ ಬಂದೆನೇನು? ಮೂವತ್ತೈದ ವರ್ಷದ ಕಂಪ್ಯೂಟರ್, ಟಿವಿಗೆ ಹಚ್ಚಿದರ ಬರೇ ಗೆರಿ ಬರತಾವು ಅಂತ ವೈನಿ ಫೋನ್ ಮಾಡಿದರು. ಖಾನಾಪುರದಾಗ ಅದನ್ನ ಮುಟ್ಟಾವ್ರು ಯಾರದಾರ? ಬೆಳಗಾವಿ ಆಟೋ ನಗರದ ನನ್ನ ಅಂಗಡಿಗೆ ಒಯ್ದೆ, ಬೆಸುಗಿ ಹಾಕಿದೆ, ತಂದ ಕೊಟ್ಟೆ. ಅಷ್ಟಽ.

ಏನು? ಡಬ್ಬಿ ಯಾಕ ತಿರವಿ ನೋಡತಿ? ...ಹೂಂ, ಒಳಗ ಹೊಸಾ ಬೋರ್ಡ್ ಐತಿ. ಆಕ್ಸೆಲರೇಟರ್ ಅಂತಾರ. ಹಳೇ ಚಿಪ್ ಕಿತ್ತು ಆ ಜಾಗಾದಾಗ ಕುಂದರಿಸೀನಿ. ಮಿಶಿನ್ ಐವತ್ತ ಪಟ್ಟು ಜೋರ ಓಡತೈತಿ! ಮೊದಲ ಒಂದ ನಿಮಿಷದಾಗ ಎರಡ ನಡಿ ಮುಂದ ನೋಡತಿತ್ತು, ಈಗ ನಾಕು ನೋಡತೈತಿ. ನಿನ್ನ ಸಲುವಾಗಿನಽ ಹಾಕಿದ್ದೋ! ಮೆತ್ತಗ ಆಡೂ ಮಿಶಿನ್ ಮುಂದ ಕುಂತು ನೀ ತೂಕಡಸ್ತಿ ಅಂತ ವೈನಿ ಅಂದಿದ್ರು...

ಅಂದಿಲ್ಲೇನ್ರಿ ವೈನಿ? ನೀವ್ಯಾಕ ಒಳಗ ಹೊಂಟ್ರಿ?

ಆತಪ್ಪಾ ಆತು! ನೀ ಸೋಲಲಿ ಅಂತನಽ ಹಾಕೀನಿ. ಸಾಕಾ?

ಲೋಂಡಾ ಪ್ಯಾಸೆಂಜರ್‌ನ್ಯಾಗ ಇಪ್ಪತ್ತೆರಡ ವರ್ಷ, ಖಾನಾಪುರದಿಂದ ಬೆಳಗಾವಿ ಮಟಾ ಇಬ್ಬರೂ ಆಡಕೋತ ಹೋದ್ವಿ. ಟೇಶನ್ ಬಂದರ ಆಟ ಅಲ್ಲೇ ನಿಲ್ಲೂದು, ಮರುದಿನ ಅಲ್ಲಿಂದನಽ ಚಾಲೂ. ಯಾವ ಕಾಯಿ ಎಲ್ಲಿತ್ತು ಅಂತ ಎಲ್ಲಾ ನಿನ್ನ ತಲ್ಯಾಗಽ! ಅಂಥಾ ದೋಸ್ತಿ... ನೀ ರಿಟಾಯರ್ ಆದಮ್ಯಾಲ ಇದಽ ಪಡಸಾಲ್ಯಾಗ ನಿನ್ನ ಒಂದು ಕುದರಿ ಕಳೀತು ಅಂತ ಮುರದಿ. 'ಸರದಾರಸಾಬ, ನೀನಽ ಕದ್ದಿ' ಅಂದಿ. ಅದಽ ಕಡೀ ಮಾತು. ಎಂಟ ತಿಂಗಳಾತು! ಇಲಿ ಒಯ್ದಿರಬೇಕು ಅಂತ ಆವತ್ತೂ ಹೇಳಿದೆ, ಇವತ್ತೂ ಹೇಳತೀನಿ. ನೀ ಈ ಹಳೇ ಮಿಶಿನ್ ಹೊರಗ ತಗದಿ, ದಿನಾ ಅದನ್ನ ಸೋಲಿಸಿ ಸೋಲಿಸಿ ಬೀಗಿದಿ. ನಾ ಈಗಿನ ಪೀರನವಾಡಿ ಮನ್ಯಾಗ ಸಂಜಿ ಮುಂದ ಗ್ವಾಡಿ ನೋಡಕೋತ ಕುಂತೆ. ಹೊಟ್ಟಿ ಉರೀತಪ್ಪಾ, ಉರೀತು! ಒಂದ ಡಬ್ಬಿ ಮ್ಯಾಲ ಹೊಟ್ಟಿಕಿಚ್ಚ ಪಟ್ಟಾವ ನಾನೊಬ್ಬನಽ ಇರಬೇಕು.

ಎಲ್ಲಿಗೆ ಎದ್ದಿ? ...ಅರೇ! ಹಳೇ ಹಲಗಿ! ಬಾ ಬಾ, ಇಡು. ಕರೇವು ನಿನ್ನವು, ಬಿಳೇವು ನನ್ನವು... ಅಲ್ಲ, ಹಿಂಗ್ಯಾಕ ಇಡಾಕತ್ತೀದಿ? ನನ್ನ ರಾಜಾ ಮೂಲ್ಯಾಗ, ಪ್ಯಾದಿ ನಡುವ... ಇದು... ಇದು ಆವತ್ತಿನ ಆಟ! ಇನ್ನೂ ನೆನಪೈತಿ ನಿನಗ?

ಹಲಗಿಯ ಆ ಮನ್ಯಾಗ ಬಟ್ಟ ಯಾಕ ಇಟ್ಟಿ? ಖಾಲಿ ಐತಲ್ಲ ಅದು... ಕುದರಿ ಇಲಿ ಒಯ್ತು ಅಂದೆನಲ್ಲ... ನನ್ನ ಕಿಸೆ ಯಾಕ ನೋಡತಿ? ಇದಾ? ಇದು ಸುಣ್ಣದ ಡಬ್ಬಿ. ಖರೇ, ಸುಣ್ಣದ...

...

ಆತು. ತಗೋ. ಎಂಟ ತಿಂಗಳ, ಅಂಗಿ ಬದಲಿಸಿದಾಗೆಲ್ಲಾ ಇದನ್ನೂ ಕಿಸೆ ಬದಲಿಸೀನಿ. ಎರಡ ನಡ್ಯಾಗ ಸೋಲತಿದ್ದೆ, ಕೈ ತಡೀಲಿಲ್ಲೋ. ಕೊಡಬೇಕಂತ ಹತ್ತ ಸಲ ನಿನ್ನ ಬಾಗಲಾ ಮಟಾ ಬಂದೀನಿ. ನಾಚಿಕಿ ಆತು, ತಿರಗಿ ಹೋದೆ.

ಇಟ್ಟೆ ನೋಡು, ನೀ ಬಟ್ಟ ಇಟ್ಟಲ್ಲೇ. ಸೋತೆ ನಾ, ಖರೇ ಸೋತೆ. ಈಗರೇ ಬಾಯಿ ತಗಿಯೋ ಅಣ್ಣಾ... 'ಚೆಕ್' ಅಂತ ಅನ್ನೋ, ಮಾರಾಯಾ!