ಮೂರು ವಾರದ ಸಿಮೆಂಟು

ಅರಸೀಕೆರೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಸಾವಿತ್ರಮ್ಮನಿಗೆ, ಬೇಡವೆಂದರೂ ಪಕ್ಕದ ತಾಯಿ ಮಗಳ ಮಾತು ಕಿವಿಗೆ ಬೀಳುತ್ತಿತ್ತು. ಮಗಳ ಕೊರಳಲ್ಲಿ ಅರಿಶಿನ ಮಾಸದ ತಾಳಿ, ಮುಂದಿನ ಹಲ್ಲಿನಲ್ಲಿ ತೂತು.

"ಈ ಸಿಮೆಂಟು ಮೂರೇ ವಾರ ತಡಿಯೋದು, ಆಮೇಲೆ ಗಟ್ಟಿದು ತುಂಬಿಸ್ಬೇಕು ಅಂತ ಡಾಕ್ಟ್ರು ಅವತ್ತೇ ಹೇಳಿದ್ರು ಕಣವ್ವ."

"ಮದ್ವೆಗೆ ಎರಡೇ ವಾರ ಇತ್ತಲ್ಲ. ಅಷ್ಟು ತಡೆದ್ರೆ ಸಾಕು ಅಂದ್ರು ನಿಮ್ಮಪ್ಪ."

"ಅತ್ತೆ ಮನೇಲಿ ಕೋಡುಬಳೆ ಕಡಿದೆ, ಎಲ್ಲರ ಮುಂದೇನೇ ಉದುರ್ತು. ಹುಳುಕು ಮುಚ್ಚಿ ಮೋಸ ಮಾಡಿದ್ರಿ ಅಂತ ಬಸ್ಸು ಹತ್ತಿಸಿಬಿಟ್ರು."

"ಈಗ ಗಟ್ಟಿದೇ ತುಂಬಿಸ್ತೀನಿ. ನಾಳೆ ವಾಪಸ್ ಹೋಗವ್ವ."

"ತುಂಬಿಸು. ಅಲ್ಲಿಗೆ ಹೋಗಕ್ಕಲ್ಲ. ನಾನು ಉಣ್ಣಕ್ಕೆ."

ಒಳಗಿನಿಂದ "ಶಶಿಕಲಾ" ಎಂದು ಕೂಗಿದರು. ಮಗಳು ತಾಯಿಗೆ ಕಾಯದೆ ಎದ್ದು ಹೋದಳು.