ಅಳಿಸಿದ ಮೆರವಣಿಗೆ

ಇಪ್ಪತ್ತು ವರ್ಷದ ಹಿಂದೆ ತಾನೇ ತೆಗೆದ ಸಿನಿಮಾದಿಂದ ನಿರ್ದೇಶಕ ಗಿರಣಿ ಹೆಂಗಸರ ಮೆರವಣಿಗೆಯನ್ನು ಅಳಿಸಿಹಾಕಿದ್ದ. ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಹನಿ ಹಾಕಿಸಿಕೊಂಡು ಕಣ್ಮುಚ್ಚಿ ಕೂತಿದ್ದ, ಆ ಸಿನಿಮಾದ ಸಂಕಲನಕಾರ್ತಿಯ ಪಕ್ಕ ಬಂದು ಕೂತ. ಹನಿ ಹಾಕಿದ ನರ್ಸ್ ಸೀಸೆಯ ಮುಚ್ಚಳ ತಿರುಗಿಸುತ್ತ ಅಲ್ಲೇ ನಿಂತಳು.

“ಅಕ್ಕ, ಹಳೇ ಪ್ರಿಂಟು ನಿಮ್ಮನೆ ಬೀರುನಲ್ಲಿದೆಯಂತೆ. ಕೊಟ್ಬಿಡಿ, ಸುಟ್ಟುಹಾಕ್ತೀನಿ.”

“ಯಾಕಪ್ಪ?”

“ಸಿನಿಮಾ ನಂದು, ತಿದ್ದೋ ಹಕ್ಕೂ ನಂದೇ.”

“ತಿದ್ಕೋ. ಹಳೇದೇನು ಮಾಡ್ತು ನಿಂಗೆ?”

“ಎರಡೂ ಇದ್ರೆ ಜನ ಹೋಲಿಸಿ ನೋಡ್ತಾರೆ. ಈಗ ಗಿರಣಿ ಧಣಿ ಮಗನೇ ನಮ್ಮ ನಿರ್ಮಾಪಕ.”

“ಆ ಹೆಂಗಸರು ನಟಿಯರಲ್ಲ ಕಣೋ, ಆ ಗಿರಣೀಲಿ ನಿಜವಾಗ್ಲೂ ಕೆಲಸ ಕಳ್ಕೊಂಡೋರು. ಕೈಮುಗಿದು ಕರ್ಕೊಂಡ್ಬಂದೋನು ನೀನೇ.”

“ಕಲೆ ಬೆಳೀಬೇಕಲ್ಲ ಅಕ್ಕ.”

“ಬೆಳೀಲಿ. ಧಣಿ ಕಾಲಡಿ ಯಾಕೆ ಬೆಳೀಬೇಕು?”

ಅಕ್ಕನ ಸರದಿ ಬಂದಿತ್ತು. ನರ್ಸ್ ಕೈಹಿಡಿದು ಎಬ್ಬಿಸಿದಳು. ಅವನೂ ಎದ್ದ.

“ಬೀರು ಕೀಲಿ ಕೊಟ್ಟು ಹೋಗಿ.”

“ಕೊಡಲ್ಲ,” ಎಂದು ಅಕ್ಕ ಕಣ್ಮುಚ್ಚಿಕೊಂಡೇ ಒಳಗೆ ನಡೆದರು.