ಒಂದೊಂದೇ ಅಂಗುಲ

ನಗಬೇಡಿ ತಂಗಪ್ಪನ್ ಚೇಟ್ಟಾ! ಶಾಲೆ ಟೀಚರ್ ಬಂದು ಜೀಪಿನ ಕೆಳಗೆ ಬಗ್ಗಿ ಸ್ಪ್ರಿಂಗ್ ಪಟ್ಟಿ ಎಣಿಸಿದ್ರೆ ಅಷ್ಟೊಂದು ನಗು ಬರುತ್ತಾ? ನಿಮ್ಮ ವರ್ಕ್‌ಶಾಪಿನ ಈ ಎಣ್ಣೆ ಮಣ್ಣಲ್ಲೇ ಆಡಿ ಬೆಳೆದವಳು ನಾನು. ಔಸೇಪ್ ಮಗಳು ಶೋಶಾಮ್ಮ... ಮರೆತೇಬಿಟ್ರಾ?

ಸರಿ, ಕೇಳಿ. ಮಳೆ ನಿಂತ ಮೇಲೆ ಏನು ಮಾಡಿದ್ರಿ? ನಾಲ್ಕೂ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಜಾಸ್ತಿ ಸೇರಿಸಿದ್ರಿ. ಗಾಡಿ ಒಂದಂಗುಲ ಮೇಲೆದ್ದಿತು. ಕ್ರಿಸ್‌ಮಸ್ ಕಳೆದ ಮೇಲೆ ಆ ಪಟ್ಟಿಗಳನ್ನ ಹಿಡಿಯೋ ಶ್ಯಾಕಲ್ ತೆಗೆದು ಉದ್ದದ್ದು ಹಾಕಿದ್ರಿ. ಇನ್ನೊಂದಂಗುಲ. ಈಗ ಮೂರನೇದು. ಆಕ್ಸಲ್ ಮೇಲೆ ಕಬ್ಬಿಣದ ತುಂಡು, ಕೆಳಗೆ ದೊಡ್ಡ ಟೈರು. ಅಷ್ಟೇ... ಅಲ್ಲಿಗೆ ಮುಗೀತು.

ಮತ್ತೆ ಅದೇ ಪ್ರಶ್ನೆನಾ! ಎಲ್ಲಾ ಒಂದೇ ಸಲ ಯಾಕೆ ಮಾಡಿಸಲಿಲ್ಲ ಅಂತ... ಹಳೇ ಗಾಡಿ ಚೇಟ್ಟಾ, ನನಗಿಂತ ನಾಲ್ಕೇ ವರ್ಷ ಚಿಕ್ಕದು. ಒಮ್ಮೆಗೇ ಎತ್ತಿಬಿಟ್ರೆ ಬ್ರೇಕ್ ಪೈಪು ಎಳೆದುಕೊಳ್ಳುತ್ತೆ, ಸ್ಟಿಯರಿಂಗ್ ಅದುರುತ್ತೆ... ಏನು? ಪೈಪು ಬದಲಾಯಿಸೋದು ಅರ್ಧ ದಿನದ ಕೆಲಸವಾ? ಓ... ನನಗೇನು ಗೊತ್ತು.

ನಮ್ಮ ಏಲಕ್ಕಿ ತೋಟದ ದಾರಿ ನೀವೇ ನೋಡಿದ್ದೀರಲ್ಲ, ಕಲ್ಲು ಬಂದು ಗಾಡಿ ಹೊಟ್ಟೆಗೇ ಬಡಿಯುತ್ತೆ. ಅದಕ್ಕೇ ಇದೆಲ್ಲ. ಇನ್ನೇನಿರುತ್ತೆ?

ಹಾಂ, ಇನ್ನೊಂದು ಸಣ್ಣ ಕೆಲಸ. ಕಾಲಿಟ್ಟು ಹತ್ತೋಕೆ ಮೆಟ್ಟಿಲಿದೆಯಲ್ಲ, ಅದನ್ನ ಬಿಚ್ಚಿಬಿಡಿ. ಅದೂ ಕಲ್ಲಿಗೆ ತಾಗುತ್ತೆ. ಇಲ್ಲ ಇಲ್ಲ, ಎರಡೂ ಕಡೆ ಬೇಡ. ಡ್ರೈವರ್ ಕಡೇದು ಮಾತ್ರ.

...ಯಾಕೆ ಸ್ಪ್ಯಾನರ್ ಕೆಳಗಿಟ್ರಿ?

ಹಾಗೆ ನೋಡಬೇಡಿ ಚೇಟ್ಟಾ. ಕಲ್ಲು ಒಂದೇ ಕಡೆ ಇರುತ್ತಾ ಅಂತ ಬಾಯಿಬಿಟ್ಟು ಕೇಳಿ. ಬೈದಾದ್ರೂ ಬೈಯಿರಿ!

ಸರಿ... ಹೇಳ್ತೀನಿ. ಯಾರಿಗೂ ಹೇಳಿಲ್ಲ ಇದನ್ನ.

ಹೋದ ಮಳೆಗಾಲ, ಶಾಲೆ ತಿರುವಿನಲ್ಲಿ. ಮಂಜೂ ಇರಲಿಲ್ಲ, ಮಳೆಯೂ ಇರಲಿಲ್ಲ, ಹಾಡುಹಗಲು. ನಮ್ಮ ಅಪ್ಪಚ್ಚನ್ ಓಡಿಸ್ತಿದ್ರು, ಪಕ್ಕದಲ್ಲಿ ಮಗಳು ನಾನು. ನನ್ನ ಕ್ಲಾಸಿನ ಹುಡುಗಿ ಜಿನ್ಸಿ, ಹಾಲಿನ ಕ್ಯಾನು ಹಿಡ್ಕೊಂಡು ಎದುರಿಗೆ ಬರ್ತಿದ್ದಾಳೆ. ಇವರು ನೇರ ಅವಳ ಮೇಲೇ... ನಾನು ಕಿರುಚಿದೆ. ಮಗು ಚರಂಡಿಗೆ ಹಾರಿತು. ಕ್ಯಾನಿನ ಮೇಲೆ ಚಕ್ರ ಹತ್ತಿ ಇಳೀತು. "ಯಾವುದೋ ಕಲ್ಲು ಬಿಡೇ ಶೋಶೇ, ಅದಕ್ಯಾಕೆ ಕಿರುಚ್ತೀಯಾ?" ಅಂದ್ರು. ಕಲ್ಲಂತೆ! ಅವರಿಗೆ ಮಗು ಕಂಡೇ ಇಲ್ಲ ಚೇಟ್ಟಾ. ಇವತ್ತಿಗೂ ಗೊತ್ತಿಲ್ಲ. ಸಂಜೆ ನಾನೊಬ್ಬಳೇ ಆ ಮನೆಗೆ ಹೋಗಿ, ಗಾಡಿ ಓಡಿಸ್ತಿದ್ದದ್ದು ನಾನೇ ಅಂತ ಹೇಳಿ, ಹೊಸ ಕ್ಯಾನು ಕೊಟ್ಟು ಬಂದೆ.

ಹೇಳಬಹುದಿತ್ತು. ಹೌದು, ಹೇಳಬಹುದಿತ್ತು! ನೀವಾಗಿದ್ರೆ ಹೇಳ್ತಿದ್ರಾ? ಈ ಬೆಟ್ಟದ ಅರ್ಧ ಬಸುರಿಯರನ್ನ ಹೆರಿಗೆಗೆ ಆಸ್ಪತ್ರೆ ಮುಟ್ಟಿಸಿದ ಮನುಷ್ಯ ಅದು. ನಿಮ್ಮ ಹೆಂಡತೀನೂ ಸೇರಿ. ಅವರೆದುರು ಕೈಚಾಚಿ ಕೀ ಕೊಡಿ ಅನ್ನೋದು ಹೇಗೆ? ಜೀಪನ್ನೇ ಸ್ವಲ್ಪ ಸ್ವಲ್ಪ ಎತ್ತರ ಮಾಡಿದ್ರೆ, ಒಂದಿನ ಹತ್ತೋಕಾಗದೆ ತಾವಾಗೇ ಬಿಡ್ತಾರೆ... ಹಾಗಂದುಕೊಂಡೆ.

ನಲವತ್ತೊಂದು ವರ್ಷ ಓಡಿಸಿದವರಿಗೆ ಗೊತ್ತಾಗಲ್ವಾ ಅಂತ ಹೆದರಿದ್ದೆ. ಗೊತ್ತಾಯ್ತು, ಕಾಲಿಗೆ ಗೊತ್ತಾಯ್ತು. ಅವರು ಕಾಲನ್ನೇ ಬೈದರು.

ಜನವರೀಲಿ ಒಂದು ಭಾನುವಾರ, ಚರ್ಚಿನ ಅಂಗಳ. ಪೂಜೆ ಮುಗಿಸಿ ಬಂದ ಜನ ಎಲ್ಲ ಅಲ್ಲೇ ನಿಂತಿದ್ದಾರೆ. ಮೂರು ಸಲ ಕಾಲೆತ್ತಿದರು, ಮೂರು ಸಲವೂ ಆಗಲಿಲ್ಲ. ಯಾರೋ ಹುಡುಗರು ಕೈ ಕೊಡೋಕೆ ಬಂದ್ರು. "ನೀನು ತಗೊಂಡು ಹೋಗು ಶೋಶೇ, ನಂಗೆ ಸ್ವಲ್ಪ ನಡೀಬೇಕು ಅನ್ನಿಸ್ತಿದೆ" ಅಂದ್ರು. ಎರಡು ಮೈಲಿ ಏರು, ನಡ್ಕೊಂಡೇ ಬಂದ್ರು. ಆವತ್ತಿಂದ ವೈದ್ಯರ ಕುಳಂಬು ಎಣ್ಣೆ ತಂದು ಮಂಡಿಗೆ ತಿಕ್ಕಿಕೊಳ್ತಾರೆ. ಮನೆಯೆಲ್ಲ ಆ ಎಣ್ಣೆ ವಾಸನೆ. ನಾನೇ ಬಿಸಿ ಮಾಡಿ ಕೊಡ್ತೀನಿ, ಚೇಟ್ಟಾ... ನಾನೇ.

ಅಷ್ಟೇ ಆಗಿದ್ರೆ ತಡ್ಕೊಳ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಹಲಸಿನ ಮರ ಹಿಡ್ಕೊಂಡು, ಎರಡು ಇಟ್ಟಿಗೆ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಕಾಲೆತ್ತಿ ಇಡ್ತಿದ್ದಾರೆ. ಇಳಿಸ್ತಾರೆ, ಮತ್ತೆ ಎತ್ತಿ ಇಡ್ತಾರೆ. ಮುಂದಿನ ವಾರ ನೋಡಿದ್ರೆ ಮೂರು ಇಟ್ಟಿಗೆ. ಆಮೇಲೆ ನಾಲ್ಕು. ಎಪ್ಪತ್ತೆಂಟು ವರ್ಷದ ಮನುಷ್ಯ!

ಹೋದ ಭಾನುವಾರ... ಹತ್ತಿಬಿಟ್ರು. ಅದೇ ಅಂಗಳದಲ್ಲಿ, ಎಲ್ಲರೆದುರು, ಯಾರ ಕೈಯೂ ಹಿಡಿಯದೆ. ಸೀಟಲ್ಲಿ ಕೂತು ನನ್ನ ಕಡೆ ತಿರುಗಿ ನಕ್ಕರು. ನಮ್ಮಮ್ಮ, ಅಮ್ಮಚ್ಚಿ, ತೀರಿಹೋದ ಮೇಲೆ ಆ ನಗು ನಾನು ನೋಡೇ ಇರಲಿಲ್ಲ.

ಅದಾಗಿ ಮೂರೇ ದಿನ. ಇವತ್ತು ನಿಮ್ಮ ಹತ್ತಿರ ಬಂದಿದ್ದೀನಿ... ಇನ್ನೂ ಎತ್ತರ ಮಾಡಿ, ಮೆಟ್ಟಿಲೂ ಬಿಚ್ಚಿ ಅಂತ.

ಸ್ಪ್ಯಾನರ್ ಎತ್ಕೊಳ್ಳಿ ಚೇಟ್ಟಾ.

ಯಾಕೆ ಕೈ ಒರೆಸ್ಕೊಂಡು ಕೂತುಬಿಟ್ರಿ? ಅಪ್ಪಚ್ಚನ್‌ಗೆ ಹೇಳಿದ್ರೆ ಜಗಳ ಆಡ್ತಿದ್ರು, ಹಟ ಹಿಡೀತಿದ್ರು ಅಂತ ನಾನು...

ಇಲ್ಲ. ಸುಳ್ಳು. ಅದೂ ಸುಳ್ಳೇ.

ಎದುರಿಗಿದ್ದದ್ದು ಒಂದು ಮಗು ಅಂತ ಗೊತ್ತಾಗಿದ್ರೆ ಅವರು ಆ ಕ್ಷಣವೇ ಗಾಡಿ ನಿಲ್ಲಿಸಿ ಕೀ ಕಿತ್ತು ನನ್ನ ಕೈಗೆ ಕೊಡ್ತಿದ್ರು. ಒಂದು ಮಾತೂ ಆಡ್ತಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು ಚೇಟ್ಟಾ. ನಿಮಗೂ ಗೊತ್ತು, ಅದಕ್ಕೇ ಸ್ಪ್ಯಾನರ್ ಮುಟ್ತಿಲ್ಲ. ಕೀ ಕೊಡುವಾಗ ಅವರ ಮುಖ ಹೇಗಿರುತ್ತೋ ಅಂತ... ಅದನ್ನ ನೋಡೋಕೆ ಹೆದರಿ, ಆರು ತಿಂಗಳು ದಿನಾ ಬೆಳಿಗ್ಗೆ ಅವರ ಕಾಲು ನಡುಗೋದನ್ನ ನೋಡ್ಕೊಂಡು ಕೂತೆ.

ಬಿಚ್ಚಿ. ಮೆಟ್ಟಿಲಲ್ಲ, ಪಟ್ಟಿ, ಶ್ಯಾಕಲ್... ಹಾಕಿದ್ದೆಲ್ಲ ಬಿಚ್ಚಿ. ಜೀಪು ಇಲ್ಲೇ ಇರಲಿ, ನಾನು ನಡ್ಕೊಂಡೇ ಹೋಗ್ತೀನಿ.

ಜಿನ್ಸಿ ವಿಷಯ ಹೇಳ್ತೀನಿ. ಇವತ್ತೇ. ಆದ್ರೆ ಅದಕ್ಕೂ ಮೊದಲು... ನಿಮ್ಮ ಕಾಲಿಗೆ ಏನೂ ಆಗಿಲ್ಲ ಅಪ್ಪಚ್ಚಾ, ಅಂತ.